ಹನ್ನೊಂದು ಧ್ವನಿಗಳ ಭಾಷೆ

ಹಳೆಯ ಬಂಗಲೆಗಳ ಕಾಂಪೌಂಡಿನ ಮೇಲೆ ಹಬ್ಬಿ, ಬೇಸಗೆಯ ಉರಿಬಿಸಿಲಿನಲ್ಲಿಯೂ ಮೈತುಂಬ ಬಣ್ಣ ತಳೆದು ನಿಲ್ಲುವ ಕಾಗದದ ಹೂವಿನ ಬಳ್ಳಿಯನ್ನು ನೀವೆಲ್ಲರೂ ಬಲ್ಲಿರಿ. ಅದಕ್ಕೆ ಬೋಗನ್‌ವಿಲ್ಲಾ ಎಂಬ ಹೆಸರೂ ಉಂಟು. 18ನೆಯ ಶತಮಾನದಲ್ಲಿ ಹಡಗಿನಲ್ಲಿ ಭೂಪ್ರದಕ್ಷಿಣೆ ಮಾಡಿದ ಫ್ರಾನ್ಸಿನ ನಾವಿಕ ಲೂಯಿ ಆಂತ್ವಾನ್ ದ ಬೂಗನ್‌ವಿಲ್‌ನ ಹೆಸರು ಅದು. ಅವನ ಯಾತ್ರೆಯ ಜೊತೆಗಿದ್ದ ಸಸ್ಯಶಾಸ್ತ್ರಜ್ಞನು ದಕ್ಷಿಣ ಅಮೆರಿಕದಲ್ಲಿ ಕಂಡ ಬಳ್ಳಿಗೆ ನಾಯಕನ ಹೆಸರು ಬಂದಿತು. ಅದೇ ನಾವಿಕನು 1768ರಲ್ಲಿ ಪೆಸಿಫಿಕ್ ಸಾಗರದ ನೈಋತ್ಯ ಭಾಗದಲ್ಲಿ, ನ್ಯೂಗಿನಿಯ ಪೂರ್ವಕ್ಕೆ, ಬೆಟ್ಟಗಳಿಂದ ತುಂಬಿದ ಒಂದು ದೊಡ್ಡ ದ್ವೀಪದ ಬದಿಯಲ್ಲಿ ಹಾದುಹೋದನು. ಆ ದ್ವೀಪಕ್ಕೂ ಅವನ ಹೆಸರೇ ನಿಂತಿತು.

ಹೀಗೆ ಹಾದುಹೋದವನ ಹೆಸರು ದ್ವೀಪದ್ದಾಯಿತು. ಅಲ್ಲಿ ಬಾಳುತ್ತಿದ್ದವರ ಮಾತು ಹೊರಜಗತ್ತಿಗೆ ತಿಳಿಯಲು ಇನ್ನೂ 200 ವರ್ಷ ಬೇಕಾಯಿತು. ತಿಳಿದಾಗ ವಿದ್ವಾಂಸರು ಬೆರಗಾದರು. ಆ ಬೆಟ್ಟಸೀಮೆಯ ಒಂದು ಜನ ಆಡುವ ರೊಟೊಕಾಸ್ ಎಂಬ ನುಡಿಯಲ್ಲಿ ಇರುವ ಧ್ವನಿಗಳು ಹನ್ನೊಂದೇ ಹನ್ನೊಂದು. ಅವುಗಳಲ್ಲಿ ನಕಾರವಿಲ್ಲ, ಮಕಾರವಿಲ್ಲ. ಬೂಗನ್‌ವಿಲ್ ಎಂಬ ಹೆಸರಿನ ನಡುವೆ ಕುಳಿತಿರುವ ನಕಾರವೇ ಆ ನುಡಿಯ ವರ್ಣಮಾಲೆಯಲ್ಲಿ ಇಲ್ಲ! ಈ ಹನ್ನೊಂದು ಧ್ವನಿಗಳ ಕಥೆಯನ್ನೂ, ಅದರ ವಿಷಯದಲ್ಲಿ ವಿದ್ವಾಂಸರು ಮಾಡಿದ ಒಂದು ತಪ್ಪನ್ನೂ, ಮೇಷ್ಟರಾಗಿ ನಾನು ಮಾಡಿದ ಇನ್ನೊಂದು ತಪ್ಪನ್ನೂ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ದ್ವೀಪದ ಮಾತು. ಬೂಗನ್‌ವಿಲ್‌ಗೆ ಉತ್ತರದಲ್ಲಿ ಕಿರಿದಾದೊಂದು ಜಲಸಂಧಿಯಾಚೆ ಬೂಕಾ ಎಂಬ ದ್ವೀಪವಿದೆ. ಅಲ್ಲಿಯ ಕಿಲು ಎಂಬ ಗುಹೆಯಲ್ಲಿ ಮನುಷ್ಯರು ಸುಮಾರು 28,000 ವರ್ಷಗಳ ಹಿಂದೆಯೇ ನೆಲೆಸಿದ್ದರೆಂಬುದಕ್ಕೆ ಕುರುಹುಗಳು ದೊರೆತಿವೆ. ಬಹು ಕಾಲದ ಮೇಲೆ, ಇಂದಿಗೆ ಸುಮಾರು 3,000 ವರ್ಷಗಳ ಹಿಂದೆ, ಆಸ್ಟ್ರೊನೇಷಿಯನ್ ಭಾಷೆಗಳನ್ನಾಡುವ ಕಡಲಯಾನಿಗಳು ಈ ಸೀಮೆಗೆ ಬಂದರು. ಕರಾವಳಿಯ ಹಲವೆಡೆ ಅವರ ನುಡಿಗಳು ನೆಲೆಯೂರಿದವು. ಒಳನಾಡಿನಲ್ಲಿ ಹಳೆಯ ನುಡಿಗಳು ಉಳಿದುಕೊಂಡವು. ಈ ಹಳೆಯ ನುಡಿಗಳನ್ನು ಪಪುವನ್ ಭಾಷೆಗಳೆಂದು ಕರೆಯುವುದು ವಾಡಿಕೆ. ಈ ಭೇದವನ್ನು 19ನೆಯ ಶತಮಾನದ ಕೊನೆಯಲ್ಲಿ ಮೊದಲು ಗುರುತಿಸಿದವನು ಸಿಡ್ನಿ ರೇ. ಅವನು ವೃತ್ತಿಯಿಂದ ಲಂಡನ್ನಿನ ಒಬ್ಬ ಶಾಲಾಮಾಸ್ತರ. ಆದರೆ ದ್ರಾವಿಡ ಎಂದಂತೆ ಪಪುವನ್ ಎಂಬುದು ಒಂದೇ ತಾಯಿಬೇರಿನಿಂದ ಒಡೆದ ಕುಟುಂಬದ ಹೆಸರಲ್ಲ. ನ್ಯೂಗಿನಿ ಮತ್ತು ಅದರ ಆಸುಪಾಸಿನಲ್ಲಿ ಆಸ್ಟ್ರೊನೇಷಿಯನ್ ಅಲ್ಲದ ನೂರಾರು ಭಾಷೆಗಳಿಗೆಲ್ಲ ಒಟ್ಟಾಗಿ ಇಟ್ಟ ಹೆಸರು ಅದು. ಆ ಗುಂಪಿನೊಳಗೆ ಒಂದಕ್ಕೊಂದು ಯಾವ ಸಂಬಂಧವನ್ನೂ ತೋರಿಸಲಾಗದ ಕುಟುಂಬಗಳು ಹಲವಾರಿವೆ. ಉತ್ತರ ಬೂಗನ್‌ವಿಲ್ ಕುಟುಂಬ ಅವುಗಳಲ್ಲಿ ಒಂದು. ರೊಟೊಕಾಸ್ ಅದಕ್ಕೆ ಸೇರಿದ್ದು. ಬಾಲ್ಬಿ ಎಂಬ ಜ್ವಾಲಾಮುಖಿ ಪರ್ವತದ ಸುತ್ತಣ ಬೆಟ್ಟಗಳಿಂದ ಪೂರ್ವ ತೀರದ ವಾಕುನಾಯ್ ಕಡೆಗೆ ಹರಡಿರುವ ನಾಡು ಅದರದು. 1981ರ ಲೆಕ್ಕದಂತೆ ಅದನ್ನಾಡುವವರು 4,300ರಷ್ಟು ಮಂದಿ.

ಇನ್ನು ಆ ಧ್ವನಿಗಳನ್ನು ನೋಡೋಣ. ಕನ್ನಡ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಚಿಕ್ಕಂದಿನಲ್ಲಿ ಕಂಠಪಾಠ ಮಾಡಿದ ವರ್ಗೀಯ ವ್ಯಂಜನಗಳ ಚೌಕವನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು. ಐದು ಸಾಲುಗಳಲ್ಲಿ ಚವರ್ಗವನ್ನೂ ಟವರ್ಗವನ್ನೂ ತೆಗೆದುಬಿಡಿ. ಉಳಿದ ಕವರ್ಗ, ತವರ್ಗ, ಪವರ್ಗಗಳಲ್ಲಿ ಮಹಾಪ್ರಾಣಗಳನ್ನು ಅಳಿಸಿರಿ. ಆಮೇಲೆ ಸಾಲಿನ ಕೊನೆಯ ಅನುನಾಸಿಕಗಳನ್ನೂ ಅಳಿಸಿರಿ. ಪ್ರತಿ ಸಾಲಿನಲ್ಲಿ ಒಂದು ಅಘೋಷ, ಒಂದು ಘೋಷ ಮಾತ್ರ ಉಳಿಯುತ್ತವೆ. ಅಘೋಷಗಳು ಕ, ತ, ಪ. ಅವುಗಳ ಜೋಡಿಯಾದ ಘೋಷಗಳು ಗ, ದ, ಬ ಆಗಬೇಕಷ್ಟೆ. ಆದರೆ ಅವು ಆಡುಮಾತಿನಲ್ಲಿ ಬಹುಮಟ್ಟಿಗೆ ಸಡಿಲವಾಗಿ ಗ, ರ, ವ ಎಂಬಂತೆ ಕೇಳುತ್ತವೆ. ಇಷ್ಟೇ ವ್ಯಂಜನಗಳು, ಒಟ್ಟು ಆರು. ಯ, ಲ, ಷ, ಹ ಮೊದಲಾದವಕ್ಕೆ ಪ್ರತ್ಯೇಕವಾದ ಸ್ಥಾನವೇ ಇಲ್ಲ. ಸ್ವರಗಳು ಅ, ಇ, ಉ, ಎ, ಒ ಎಂಬ ಐದು. ದೀರ್ಘಸ್ವರಗಳು ಉಂಟು, ಅವನ್ನು ಒಂದೇ ಸ್ವರ ಎರಡು ಸಲ ಬಂದುದೆಂದು ಎಣಿಸುತ್ತಾರೆ. ಆರು ಮತ್ತು ಐದು, ಹನ್ನೊಂದು.

ಈ ಲೆಕ್ಕವನ್ನು ಲೋಕಕ್ಕೆ ತಿಳಿಸಿದವರು ಇರ್ವಿನ್ ಮತ್ತು ಜಾಕ್ವೆಲಿನ್ ಫರ್ಚೋ ಎಂಬ ದಂಪತಿಗಳು. ಬೈಬಲ್ಲಿನ ಅನುವಾದಕ್ಕಾಗಿ ಲಿಪಿಯಿಲ್ಲದ ನುಡಿಗಳನ್ನು ಅಭ್ಯಾಸ ಮಾಡುವ ಸಂಸ್ಥೆಯೊಂದಕ್ಕೆ ಸೇರಿದವರು ಅವರು. 1969ರಲ್ಲಿ ಅವರು ಪ್ರಕಟಿಸಿದ ಪುಟ್ಟ ಲೇಖನವು ಭಾಷಾಶಾಸ್ತ್ರದಲ್ಲಿ ಪ್ರಸಿದ್ಧವಾಯಿತು. ರೊಟೊಕಾಸಿಗೆ ರೋಮನ್ ಲಿಪಿಯಲ್ಲಿ ರೂಪುಗೊಂಡ ವರ್ಣಮಾಲೆಯಲ್ಲಿ 12 ಅಕ್ಷರಗಳಿವೆ. ಹನ್ನೊಂದು ಧ್ವನಿಗಳಿಗೆ 12 ಅಕ್ಷರ ಹೇಗೆಂದರೆ, ಇಕಾರದ ಮುಂದೆ ತಕಾರವು ಸಕಾರದಂತೆ ಕೇಳುತ್ತದೆ. ಅದಕ್ಕೊಂದು ಬೇರೆ ಅಕ್ಷರವನ್ನು ಇಟ್ಟುಕೊಂಡಿದ್ದಾರೆ. ಭಾಷೆಯ ಹೆಸರಿನ ಕೊನೆಯ ಸಕಾರ ಮಾತ್ರ ಈ ನಿಯಮಕ್ಕೆ ಹೊರತು.

ಧ್ವನಿಗಳು ಕಡಮೆ ಎಂಬುದಕ್ಕಿಂತ ಅನುನಾಸಿಕಗಳಿಲ್ಲವೆಂಬುದೇ ಹೆಚ್ಚಿನ ಅಚ್ಚರಿ. ಕೂಸು ಮೊದಲು ಕಲಿಯುವ ವ್ಯಂಜನಗಳಲ್ಲಿ ಮಕಾರ ಒಂದು. ನಮ್ಮ ‘ಅಮ್ಮ’ನಿಂದ ಹಿಡಿದು ಎಷ್ಟೋ ಭಾಷೆಗಳ ತಾಯಿಯ ಹೆಸರಿನಲ್ಲಿ ಅದು ಕುಳಿತಿದೆ. ಪಕಾರ ಮಕಾರಗಳ ಭೇದವು ಶಿಶುವಿನ ಬಾಯಲ್ಲಿ ಮೊಟ್ಟಮೊದಲು ಮೂಡುವ ವ್ಯಂಜನಭೇದಗಳಲ್ಲೊಂದೆಂದೂ, ಆದುದರಿಂದ ಅದು ಎಲ್ಲ ಭಾಷೆಗಳ ತಳಹದಿಯೆಂದೂ ಪ್ರಸಿದ್ಧ ವಿದ್ವಾಂಸ ರೋಮನ್ ಯಾಕಬ್‌ಸನ್ 1941ರಲ್ಲಿ ವಾದಿಸಿದ್ದನು. ರೊಟೊಕಾಸಿನಲ್ಲಿ ಆ ತಳಹದಿಯೇ ಕಾಣದು. 1984ರಲ್ಲಿ ಇಯನ್ ಮ್ಯಾಡಿಸನ್ ಎಂಬ ವಿದ್ವಾಂಸರು 317 ಭಾಷೆಗಳ ಧ್ವನಿಗಳನ್ನು ಎಣಿಸಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಬಹುಪಾಲು ಭಾಷೆಗಳ ಧ್ವನಿಮಾಗಳು 20ರಿಂದ 37ರೊಳಗೆ ಇವೆ. ಅತಿ ಹೆಚ್ಚಿನದು 141. ಅದು ಆಫ್ರಿಕದ ದಕ್ಷಿಣ ಭಾಗದ ಒಂದು ನುಡಿ. ಅತಿ ಕಡಮೆಯದು 11. ಅಮೆಜಾನ್ ಕಾಡಿನ ಮುರಾ ಎಂಬ ನುಡಿಯೊಂದಿಗೆ ರೊಟೊಕಾಸ್ ಆ ಸ್ಥಾನವನ್ನು ಹಂಚಿಕೊಂಡಿತು.

ನನ್ನ ತಪ್ಪಿನ ಮಾತು ಇಲ್ಲಿ ಬರುತ್ತದೆ. ಎಂ.ಎ. ತರಗತಿಗಳಿಗೆ ನಾನು ಅನೇಕ ವರ್ಷ ಭಾಷಾವಿಜ್ಞಾನದ ಪ್ರವೇಶಪಾಠವನ್ನು ಹೇಳುತ್ತಿದ್ದೆ. ಧ್ವನಿಮಾ ಎಂಬ ಅಧ್ಯಾಯಕ್ಕೆ ಬಂದಾಗ ರೊಟೊಕಾಸಿನ ಉದಾಹರಣೆಯನ್ನು ತಪ್ಪದೆ ಕೊಡುತ್ತಿದ್ದೆ. ವಿದ್ಯಾರ್ಥಿಗಳು ಹುಬ್ಬೇರಿಸಿ ಕೇಳುತ್ತಿದ್ದರು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಮನುಷ್ಯನ ಮಾತು ತನ್ನ ಶೈಶವದಲ್ಲಿ ಹೇಗಿದ್ದಿರಬಹುದೆಂಬುದನ್ನು ಇಂಥ ಭಾಷೆಗಳಿಂದ ಊಹಿಸಬಹುದು” ಎಂದೂ ಸೇರಿಸಿ, ಆ ವಾಕ್ಯವನ್ನು ಟಿಪ್ಪಣಿಯಾಗಿ ಬರೆಸುತ್ತಿದ್ದೆ. ಯಾರೂ ಪ್ರಶ್ನಿಸಲಿಲ್ಲ. ನನಗೂ ಅನುಮಾನ ಬರಲಿಲ್ಲ. ಕಡಮೆ ಇರುವುದು ಹಳೆಯದು, ಹೆಚ್ಚು ಇರುವುದು ಬೆಳೆದದ್ದು ಎಂಬ ಎಣಿಕೆ ನಮ್ಮ ಮನಸ್ಸಿನಲ್ಲಿ ಅಷ್ಟು ಆಳವಾಗಿ ಬೇರುಬಿಟ್ಟಿದೆ.

ಆ ವಾಕ್ಯ ಎಷ್ಟು ಪೊಳ್ಳೆಂಬುದನ್ನು ಫರ್ಚೋ ದಂಪತಿಗಳ ಬರಹವೇ ಒಂದು ಸಣ್ಣ ಸಂಗತಿಯಿಂದ ಸೂಚಿಸುತ್ತದೆ. ಮಧ್ಯ ರೊಟೊಕಾಸಿನವರ ಬಾಯಲ್ಲಿ ಅನುನಾಸಿಕಗಳು ಕೇಳುವುದು ಅಪರೂಪ. ಆದರೆ ಹೊರಗಿನವನೊಬ್ಬನು ತಮ್ಮ ಭಾಷೆಯನ್ನು ತಪ್ಪುತಪ್ಪಾಗಿ ಆಡುವುದನ್ನು ಅಣಕಿಸುವಾಗ ಮಾತ್ರ ಅವರು ಅನುನಾಸಿಕಗಳನ್ನು ಧಾರಾಳವಾಗಿ ಬಳಸುತ್ತಾರೆ. ಆ ಹೊರಗಿನವನು ಅವನ್ನು ಉಚ್ಚರಿಸಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ! ಎಂದರೆ ಮಕಾರ ನಕಾರಗಳನ್ನು ನುಡಿಯಲು ಅವರ ನಾಲಗೆಗೆ ಯಾವ ಅಡ್ಡಿಯೂ ಇಲ್ಲ. ಅವು ‘ನಮ್ಮ ಮಾತಿನವಲ್ಲ, ಪರಕೀಯನ ಬಾಯಿನವು’ ಎಂದು ಅವರು ಸ್ಪಷ್ಟವಾಗಿ ಬಲ್ಲರು. ಒಂದು ಧ್ವನಿ ಭಾಷೆಯಲ್ಲಿ ಇಲ್ಲದಿರುವುದು ಬಾಯಿಯ ಅಶಕ್ತಿಯಲ್ಲ.

ಇಷ್ಟು ಕಡಮೆ ಧ್ವನಿಗಳಿಂದ ಬದುಕಿಗೆ ಬೇಕಾದ ಪದಗಳೆಲ್ಲ ಹೇಗೆ ಹುಟ್ಟುತ್ತವೆ ಎಂದು ನೀವು ಕೇಳಬಹುದು. ಲೆಕ್ಕ ಮಾಡಿ ನೋಡೋಣ. ರೊಟೊಕಾಸಿನ ಅಕ್ಷರವೆಂದರೆ ಒಂದು ವ್ಯಂಜನದ ಮೇಲೆ ಒಂದು ಸ್ವರ, ಇಲ್ಲವೆ ಬರಿಯ ಸ್ವರ. ಒತ್ತಕ್ಷರವಿಲ್ಲ. ಆರು ವ್ಯಂಜನಗಳಿಗೆ ಐದು ಸ್ವರಗಳನ್ನು ಕೂಡಿಸಿದರೆ 30. ಬಿಡಿ ಸ್ವರಗಳು 5. ಒಟ್ಟು 35 ಅಕ್ಷರಗಳು. ಎರಡಕ್ಷರದ ಪದಗಳಿಗೆ 1,225 ಎಡೆಗಳಿವೆ, ಮೂರಕ್ಷರಕ್ಕೆ 42,875, ನಾಲ್ಕಕ್ಷರಕ್ಕೆ 15 ಲಕ್ಷಕ್ಕೂ ಹೆಚ್ಚು. ಎಲ್ಲವನ್ನೂ ಯಾವ ಭಾಷೆಯೂ ಬಳಸಿಕೊಳ್ಳುವುದಿಲ್ಲ, ನಿಜ. ಆದರೆ ಪದಗಳು ತುಸು ಉದ್ದವಾದರೆ ಧ್ವನಿಗಳ ಕೊರತೆ ತಾನಾಗಿ ತುಂಬಿಬರುತ್ತದೆ.

ಆ ಪದಗಳ ರಚನೆಯಾದರೂ ಶೈಶವದ್ದೆ? ಪುರುಷನಿಗೆ ಆ ನುಡಿಯಲ್ಲಿ ‘ಒಇರಾತೊ’, ಸ್ತ್ರೀಗೆ ‘ರಿಆಕೊವಾ’. ಕೊನೆಯ ‘ತೊ’ ಪುಲ್ಲಿಂಗದ ಏಕವಚನ ಪ್ರತ್ಯಯ, ‘ವಾ’ ಸ್ತ್ರೀಲಿಂಗದ್ದು. ಕಣ್ಣು ‘ಒಸಿರೆಇತೊ’; ಎರಡು ಕಣ್ಣುಗಳು ‘ಒಸಿರೆಇತೊಆರೆಇ’. ಸಂಸ್ಕೃತದಂತೆ ಅಲ್ಲಿ ದ್ವಿವಚನವಿದೆ. ನಪುಂಸಕವೂ ಸೇರಿ ಮೂರು ಲಿಂಗಗಳಿವೆ. ಕ್ರಿಯಾಪದಗಳು ಎರಡು ಗಣಗಳಾಗಿ ಒಡೆದಿವೆ. ಗಣ ಬದಲಾದಂತೆ ಪುರುಷಪ್ರತ್ಯಯಗಳೂ ಕಾಲಪ್ರತ್ಯಯಗಳೂ ಬೇರೆಯಾಗುತ್ತವೆ. ಪರಸ್ಮೈಪದ, ಆತ್ಮನೇಪದಗಳನ್ನು ಉರುಹೊಡೆದು ಬೆವರಿದವರಿಗೆ ಇದರ ರುಚಿ ತಿಳಿದೀತು.

ಇನ್ನೊಂದು ಮಾತು. ಬೂಗನ್‌ವಿಲ್ ಸೇರಿರುವ ಪಪುವಾ ನ್ಯೂಗಿನಿ ದೇಶದ ಆಗ್ನೇಯದ ತುದಿಯಲ್ಲಿ ರೊಸೆಲ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ಯೆಲೀ ಭಾಷೆಯೂ ಪಪುವನ್ ಎನಿಸಿಕೊಳ್ಳುವಂಥದೇ. ಅದರ ಧ್ವನಿಮಾಗಳು ಸುಮಾರು 90! ತಕಾರ ಪಕಾರಗಳನ್ನು ಒಂದೇ ಗಳಿಗೆಯಲ್ಲಿ, ನಾಲಗೆ ತುಟಿಗಳೆರಡನ್ನೂ ಮುಚ್ಚಿ, ಒಂದೇ ವ್ಯಂಜನವಾಗಿ ನುಡಿಯುತ್ತಾರೆ. ಯೆಲೀಯನ್ನು ಆಡುವವರೂ ರೊಟೊಕಾಸಿನವರಂತೆ ಕೆಲವೇ ಸಾವಿರ ಮಂದಿ. ಧ್ವನಿಗಳ ಸಂಖ್ಯೆಯೇ ನಾಗರಿಕತೆಯ ಅಳತೆಗೋಲಾಗಿದ್ದರೆ ಯೆಲೀಯ ಮುಂದೆ ಇಂಗ್ಲಿಷೂ ಕನ್ನಡವೂ ಕೈಕಟ್ಟಿ ನಿಲ್ಲಬೇಕಾಗುತ್ತಿತ್ತು.

ಹಾಗಾದರೆ ರೊಟೊಕಾಸಿನಲ್ಲಿ ಹನ್ನೊಂದೇ ಧ್ವನಿಗಳು ಇರುವುದೇಕೆ? ಇದಕ್ಕೆ ಉತ್ತರ ದೊರೆತದ್ದು ನೆರೆಯ ಕಣಿವೆಯಿಂದ. ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ರೊಟೊಕಾಸಿನ ಮಧ್ಯ ಉಪಭಾಷೆಯ ವಿಷಯ. ಅದಕ್ಕೆ ಆಯ್‌ತಾ ಎಂಬ ಸೋದರ ಉಪಭಾಷೆಯೊಂದುಂಟು. ಅದರಲ್ಲಿ ಅನುನಾಸಿಕಗಳು ಇವೆಯೆಂದು 1969ರ ಕಾಲಕ್ಕೇ ತಿಳಿದಿತ್ತು. ಆದರೆ ಆಗಿನವರು, ಮಧ್ಯ ಉಪಭಾಷೆಯಲ್ಲಿ ಘೋಷವ್ಯಂಜನಗಳಿರುವ ಕಡೆ ಆಯ್‌ತಾದಲ್ಲಿ ಅನುನಾಸಿಕಗಳಿವೆ, ಅಲ್ಲಿ ಬ ಇದ್ದರೆ ಇಲ್ಲಿ ಮ, ಅಷ್ಟೇ ವ್ಯತ್ಯಾಸ ಎಂದು ಭಾವಿಸಿದರು. ಹಾಗಾದರೆ ಎರಡೂ ಕಡೆ ಲೆಕ್ಕ ಒಂದೇ: ಆರು ವ್ಯಂಜನ, ಹನ್ನೊಂದು ಧ್ವನಿ. ಯಾವುದು ಮೊದಲಿನದು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಹೋಯಿತು.

ಅದನ್ನು ಮತ್ತೆ ಕೇಳಿ ನೋಡುವುದು ಬಹುಕಾಲ ಸುಲಭವಿರಲಿಲ್ಲ. ದ್ವೀಪದ ಚರಿತ್ರೆಯೇ ಅಡ್ಡಬಂದಿತು. ಮೊದಲು ಜರ್ಮನರು, 1914ರಿಂದ ಆಸ್ಟ್ರೇಲಿಯದವರು, 1942ರಿಂದ ಯುದ್ಧ ಮುಗಿಯುವವರೆಗೆ ಜಪಾನಿನ ಸೇನೆ, ಮತ್ತೆ ಆಸ್ಟ್ರೇಲಿಯ, ಹೀಗೆ ಒಬ್ಬರಾದ ಮೇಲೊಬ್ಬರು ಆಳಿದ ನೆಲ ಅದು. 1972ರಲ್ಲಿ ದ್ವೀಪದ ಪಾಂಗೂನಾ ಎಂಬಲ್ಲಿ ಬೃಹತ್ತಾದ ತಾಮ್ರದ ಗಣಿ ಕೆಲಸ ಆರಂಭಿಸಿತು. 1975ರಲ್ಲಿ ಪಪುವಾ ನ್ಯೂಗಿನಿ ಸ್ವತಂತ್ರವಾಗಿ, ಬೂಗನ್‌ವಿಲ್ ಅದರ ಭಾಗವಾಯಿತು. ಗಣಿಯಿಂದ ನೆಲಜಲಗಳು ಕೆಟ್ಟವೆಂದೂ, ಲಾಭ ತಮಗೆ ಬರಲಿಲ್ಲವೆಂದೂ ಎದ್ದ ಅಸಮಾಧಾನವು 1988ರಲ್ಲಿ ಸಶಸ್ತ್ರ ದಂಗೆಯಾಯಿತು. 1989ರಲ್ಲಿ ಗಣಿ ಮುಚ್ಚಿತು. ಮುಂದೆ ಸುಮಾರು ಹತ್ತು ವರ್ಷ ನಡೆದ ಅಂತರ್ಯುದ್ಧದಲ್ಲಿ ಸಾವಿರಾರು ಜನ ಸತ್ತರು. ದ್ವೀಪಕ್ಕೆ ದಿಗ್ಬಂಧನ ಹಾಕಿದ್ದುದರಿಂದ ಔಷಧಿಯಿಲ್ಲದೆ ಸತ್ತವರೂ ಅನೇಕರು. ಶಾಂತಿಯ ಒಪ್ಪಂದಕ್ಕೆ ಸಹಿಯಾದದ್ದು 2001ರಲ್ಲಿ. ಪ್ರಾಣವೇ ಸಂದೇಹದಲ್ಲಿದ್ದಾಗ ಬ ಮ ಗಳ ವಿಚಾರವನ್ನು ಯಾರು ಕೇಳುತ್ತಾರೆ?

ಶಾಂತಿ ನೆಲೆಸಿದ ಮೇಲೆ ಸ್ಟೂವರ್ಟ್ ರಾಬಿನ್‌ಸನ್ ಎಂಬ ವಿದ್ವಾಂಸರು ಕ್ಷೇತ್ರಕಾರ್ಯ ನಡೆಸಿ ಆಯ್‌ತಾ ಉಪಭಾಷೆಯನ್ನು ಹೊಸದಾಗಿ ಕೇಳಿದರು. 2006ರಲ್ಲಿ ಅವರು ಪ್ರಕಟಿಸಿದ ಲೇಖನವು 37 ವರ್ಷಗಳ ಹಿಂದಿನ ಲೆಕ್ಕವನ್ನು ತಿದ್ದಿತು. ಆಯ್‌ತಾದಲ್ಲಿ ಘೋಷಗಳ ಬದಲಿಗೆ ಅನುನಾಸಿಕಗಳಿರುವುದಲ್ಲ, ಎರಡೂ ಇವೆ. ಬಕಾರವೂ ಮಕಾರವೂ ಬೇರೆ, ದಕಾರವೂ ನಕಾರವೂ ಬೇರೆ, ಗಕಾರವೂ ಙಕಾರವೂ ಬೇರೆ. ವ್ಯಂಜನಗಳು ಆರಲ್ಲ, ಒಂಬತ್ತು. ಒಟ್ಟು ಧ್ವನಿಗಳು 14. ನಮ್ಮ ಚೌಕದಿಂದ ಅಳಿಸಿದ ಕೊನೆಯ ಮನೆ ಅಲ್ಲಿ ಇನ್ನೂ ತುಂಬಿಯೇ ಇದೆ.

ಇದರಿಂದ ತಿಳಿಯುವುದೇನು? ಮಧ್ಯ ಉಪಭಾಷೆಯ ಒಂದೇ ಬಕಾರಕ್ಕೆ ಆಯ್‌ತಾದಲ್ಲಿ ಕೆಲವು ಪದಗಳಲ್ಲಿ ಬಕಾರ, ಕೆಲವು ಪದಗಳಲ್ಲಿ ಮಕಾರ ಇವೆ. ಎರಡು ಬೇರೆ ಬೇರೆ ಧ್ವನಿಗಳು ಒಂದಾಗುವುದು ಭಾಷೆಗಳಲ್ಲಿ ಸಾಮಾನ್ಯ. ಆದರೆ ಒಂದೇ ಆಗಿದ್ದ ಧ್ವನಿ ಯಾವ ಕಾರಣವೂ ಇಲ್ಲದೆ ಇಂಥ ಪದದಲ್ಲಿ ಹೀಗೆ, ಅಂಥ ಪದದಲ್ಲಿ ಹಾಗೆ ಎಂದು ಒಡೆಯುವುದಿಲ್ಲ. ಆದುದರಿಂದ ಭೇದವನ್ನು ಉಳಿಸಿಕೊಂಡ ಆಯ್‌ತಾವೇ ಪ್ರಾಚೀನ ಸ್ಥಿತಿಗೆ ಹತ್ತಿರ; ಹೊಸ ದಾರಿ ಹಿಡಿದದ್ದು ಮಧ್ಯ ಉಪಭಾಷೆ. ಒಂದು ಕಾಲಕ್ಕೆ ಅದರಲ್ಲಿಯೂ ಮ, ನ, ಙಗಳಿದ್ದವು. ಅವು ಬ, ದ, ಗಗಳಲ್ಲಿ ಲೀನವಾದವು. ನಾನು ತರಗತಿಯಲ್ಲಿ ‘ಶೈಶವ’ ಎಂದು ಬರೆಸಿದ್ದು, ನಿಜಕ್ಕೂ ಬಹು ದೂರ ನಡೆದುಬಂದ ನುಡಿಯೊಂದರ ಇತ್ತೀಚಿನ ಅವಸ್ಥೆ.

ಈ ತರ್ಕ ನಮಗೆ ಹೊಸದಲ್ಲ. ಹಳಗನ್ನಡದಲ್ಲಿ ‘ಬಾೞ್’ ಎಂದರೆ ಜೀವಿಸು. ‘ಬಾಳ್’ ಎಂದರೆ ಕತ್ತಿ. ೞಕಾರ ಮರೆಯಾಗಿ ಎರಡೂ ‘ಬಾಳು’ ಆದವು. ತಮಿಳಿನಲ್ಲಿ ‘ವಾೞ್’, ‘ವಾಳ್’ ಎಂಬ ಭೇದ ಇಂದಿಗೂ ಇದೆ. 13ನೆಯ ಶತಮಾನದ ಕೇಶಿರಾಜನ ಹೊತ್ತಿಗೆ ಜನರಿಗೆ ಈ ಭೇದ ಮಸುಕಾಗಿತ್ತೆಂದು ತೋರುತ್ತದೆ. ಶಬ್ದಮಣಿದರ್ಪಣದಲ್ಲಿ ಅವನು ೞಕಾರವಿರುವ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತು. ೞ, ಱಗಳನ್ನು ಕಳೆದುಕೊಂಡ ಕನ್ನಡವನ್ನು ಯಾರೂ ಶೈಶವಕ್ಕೆ ಮರಳಿತೆನ್ನುವುದಿಲ್ಲ. ಏಕೆಂದರೆ ನಮ್ಮಲ್ಲಿ ಶಾಸನಗಳಿವೆ, ಕಾವ್ಯಗಳಿವೆ, ವ್ಯಾಕರಣವಿದೆ. ಕಳೆದುಕೊಂಡದ್ದಕ್ಕೆ ದಾಖಲೆ ಇದೆ. ಬೂಗನ್‌ವಿಲ್ಲಿನ ಬೆಟ್ಟಗಳಲ್ಲಿ ಶಾಸನವಿರಲಿಲ್ಲ. ನೆರೆಯ ಕಣಿವೆಯ ಜನರ ಬಾಯಿಯೊಂದೇ ಅಲ್ಲಿ ಉಳಿದಿದ್ದ ದಾಖಲೆ.

ಆ ಒಂದು ದಾಖಲೆಯೂ ಅಳಿದಿದ್ದರೆ? ಯುದ್ಧದ ಆ ಹತ್ತು ವರ್ಷಗಳಲ್ಲಿ ಆಯ್‌ತಾ ಆಡುವವರು ಚದುರಿ, ಮಕ್ಕಳು ಮಧ್ಯ ಉಪಭಾಷೆಗೋ ನಾಡಿನಲ್ಲೆಲ್ಲ ನಡೆಯುವ ಟೋಕ್ ಪಿಸಿನ್ ಎಂಬ ಬೆರಕೆನುಡಿಗೋ ಒಲಿದುಬಿಟ್ಟಿದ್ದರೆ, 1969ರ ಮಾತೇ ಕೊನೆಯ ಮಾತಾಗಿ ನಿಲ್ಲುತ್ತಿತ್ತು. ರೊಟೊಕಾಸಿಗೆ ಎಂದೂ ಅನುನಾಸಿಕಗಳಿರಲಿಲ್ಲವೆಂದು ಪುಸ್ತಕಗಳು ಹೇಳುತ್ತಿದ್ದವು. ನನ್ನಂಥವರು ಅದರ ಮೇಲೆ ಶೈಶವದ ಕಥೆ ಕಟ್ಟುತ್ತಿದ್ದರು. ಅಲ್ಲವೆನ್ನಲು ಯಾವ ಸಾಕ್ಷಿಯೂ ಇರುತ್ತಿರಲಿಲ್ಲ. ಪಪುವಾ ನ್ಯೂಗಿನಿಯೊಂದರಲ್ಲಿಯೇ 800ಕ್ಕೂ ಹೆಚ್ಚು ಭಾಷೆಗಳಿವೆ. ಒಂದು ಉಪಭಾಷೆ ಅಳಿದಾಗ ನಷ್ಟವಾಗುವುದು ಅದನ್ನಾಡುತ್ತಿದ್ದವರಿಗೆ ಮಾತ್ರವಲ್ಲ. ಅದರ ಪಕ್ಕದ ಭಾಷೆಯ ಇತಿಹಾಸವೂ ಅದರೊಂದಿಗೆ ಮುಚ್ಚಿಹೋಗುತ್ತದೆ.

2019ರ ಕೊನೆಯಲ್ಲಿ ಬೂಗನ್‌ವಿಲ್ಲಿನ ಜನರ ಅಭಿಪ್ರಾಯವನ್ನು ಮತದಾನದಿಂದ ಕೇಳಿದರು. ನೂರಕ್ಕೆ 98ರಷ್ಟು ಮಂದಿ ತಮಗೆ ಸ್ವಾತಂತ್ರ್ಯ ಬೇಕೆಂದರು. ಹೊರಗಿನವರು ಕೊಟ್ಟ ಹೆಸರನ್ನು ಹೊತ್ತ ದ್ವೀಪದವರು ತಮ್ಮನ್ನು ತಾವೇ ಆಳಿಕೊಳ್ಳಬಲ್ಲೆವೆಂದು ಹೇಳಿದ ಮಾತು ಅದು. ಅವರ ನುಡಿಯ ವಿಷಯದಲ್ಲಿಯೂ ನಾವು ಹೊರಗಿನಿಂದ ಒಂದು ಹೆಸರನ್ನು ಅಂಟಿಸಿದ್ದೆವು. ಆ ಹೆಸರನ್ನು ಕಿತ್ತುಹಾಕುವುದಾದರೂ ನಮ್ಮ ಕೈಯಲ್ಲಿದೆ.

ನನ್ನ ಬಳಿ ಓದಿದವರು ಇಂದು ಅನೇಕ ಊರುಗಳಲ್ಲಿ ಅಧ್ಯಾಪಕರಾಗಿದ್ದಾರೆ. ಕೆಲವರು ನನ್ನ ಟಿಪ್ಪಣಿಗಳನ್ನೇ ಮುಂದಿನವರಿಗೆ ಬರೆಸುತ್ತಿದ್ದಾರೆಂದೂ ಕೇಳಿದ್ದೇನೆ. ಅವರಲ್ಲಿ ಯಾರಾದರೂ ಈ ಮಾತನ್ನು ಆಲಿಸುತ್ತಿದ್ದರೆ ನನ್ನದೊಂದು ಕೋರಿಕೆ. ಹಳೆಯ ನೋಟ್‌ಬುಕ್ಕನ್ನು ತೆಗೆದು, ಧ್ವನಿಮಾ ಎಂಬ ಅಧ್ಯಾಯದಲ್ಲಿ ರೊಟೊಕಾಸ್ ಇರುವ ಪುಟವನ್ನು ಹುಡುಕಲಿ. ‘ಹನ್ನೊಂದು ಧ್ವನಿಗಳು’ ಎಂಬುದು ಮಧ್ಯ ಉಪಭಾಷೆಯ ಮಟ್ಟಿಗೆ ಹಾಗೆಯೇ ಇರಲಿ. ಅದರ ಕೆಳಗಿನ ಒಂದು ಸಾಲನ್ನು ಹೊಡೆದುಹಾಕಲಿ.